ಬೆಲೆ ಇಳಿದರೆ ಸಾಲದು, ತೂಕದ ಇಂಜೆಕ್ಷನ್ ಜಿಲ್ಲಾ ಆಸ್ಪತ್ರೆಗೂ ಬರಲಿ

ಮಾನ್ಯ ಸಂಪಾದಕರೇ,

ತೂಕ ಇಳಿಸುವ ಇಂಜೆಕ್ಷನ್ ಬಗ್ಗೆ ಈಗ ಪೇಪರ್‌ನಲ್ಲಿ, ಟಿವಿಯಲ್ಲಿ ದಿನಾ ಏನಾದರೊಂದು ಬರುತ್ತಿದೆ. ಅಂಥ ಒಂದು ಇಂಜೆಕ್ಷನ್ ಆದ ಸೆಮಾಗ್ಲುಟೈಡ್ ಔಷಧಿಯ ಪೇಟೆಂಟ್ 2026ರ ಮಾರ್ಚ್‌ವರೆಗೆ ಮಾತ್ರ, ಆಮೇಲೆ ನಮ್ಮ ದೇಶದ ಕಂಪನಿಗಳೇ ಅದನ್ನು ಮಾಡಿ ಮಾರುತ್ತವೆ, ಬೆಲೆ ಬಿದ್ದು ಹೋಗುತ್ತದೆ ಅಂತ ಎಲ್ಲರೂ ಖುಷಿಯಲ್ಲಿದ್ದಾರೆ. ನನಗೂ ಖುಷಿಯೇ. ಆದರೆ ಬೆಲೆ ಇಳಿದ ಮಾತ್ರಕ್ಕೆ ಹಿರಿಯೂರಿನಂಥ ಊರಿನಲ್ಲಿರುವ ನನ್ನಂಥವರ ಕೈಗೆ ಆ ಔಷಧಿ ಬರುತ್ತದೆ ಅಂತ ನನಗೆ ಅನಿಸುತ್ತಿಲ್ಲ. ಯಾಕೆ ಅಂತ ಹೇಳುವುದಕ್ಕೇ ಈ ಪತ್ರ. ಉದ್ದ ಆಗಿದೆ, ಆದರೂ ಕತ್ತರಿಸದೆ ಹಾಕಿ ಅಂತ ಕೇಳಿಕೊಳ್ಳುತ್ತೇನೆ.

ನಾನು ಒಂದು ಖಾಸಗಿ ಶಾಲೆಯಲ್ಲಿ ಟೀಚರ್. ಶುಗರ್ ಬಂದು ಬಹಳ ವರ್ಷ ಆಯಿತು. ತೂಕ ನೂರು ಕೆಜಿಯ ಹತ್ತಿರ ಇದೆ. ಮಂಡಿ ನೋವು, ಫ್ಯಾಟಿ ಲಿವರ್, ರಾತ್ರಿ ನಿದ್ದೆಯಲ್ಲಿ ಉಸಿರು ಕಟ್ಟಿ ಎಚ್ಚರ ಆಗುವುದು, ಎಲ್ಲವೂ ಇದೆ. ಇದನ್ನೆಲ್ಲ ಯಾಕೆ ಬರೆಯುತ್ತಿದ್ದೇನೆ ಅಂದರೆ, ಈ ಇಂಜೆಕ್ಷನ್ ಅಂದ ತಕ್ಷಣ ಜನರಿಗೆ ನೆನಪಾಗುವುದು ಸಿನಿಮಾ ನಟಿಯರು, ಮದುವೆಗೆ ಮುಂಚೆ ಸಣ್ಣ ಆಗಬೇಕು ಅನ್ನುವವರು. ನನ್ನಂಥವರು ನೆನಪಾಗುವುದಿಲ್ಲ. ಬಾಡಿ ಮಾಸ್ ಇಂಡೆಕ್ಸ್ (ಎತ್ತರಕ್ಕೆ ತೂಕ ಎಷ್ಟಿದೆ ಅನ್ನುವ ಲೆಕ್ಕ) 30 ದಾಟಿದವರಿಗೆ, ಇಲ್ಲವೇ 27 ದಾಟಿ ಜೊತೆಗೆ ಶುಗರ್, ಬಿಪಿಯಂಥ ಕಾಯಿಲೆ ಇರುವವರಿಗೆ ಅಂತಲೇ ಈ ಔಷಧಿಗೆ ಅನುಮತಿ ಕೊಟ್ಟಿರುವುದು. ಅಂಥವರು ನಮ್ಮ ರಾಜ್ಯದಲ್ಲಿ ಒಬ್ಬರಿಬ್ಬರಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ಕರ್ನಾಟಕದ ಪ್ರತಿ 100 ಹೆಂಗಸರಲ್ಲಿ ಸುಮಾರು 30 ಮಂದಿಗೆ ತೂಕ ಜಾಸ್ತಿ. ಗಂಡಸರ ಲೆಕ್ಕವೂ ಅಷ್ಟೇ. ಎಲ್ಲರಿಗೂ ಇಂಜೆಕ್ಷನ್ ಬೇಕಾಗಿಲ್ಲ. ಆದರೆ ಬೇಕಾದವರ ಸಂಖ್ಯೆಯೂ ಚಿಕ್ಕದಲ್ಲ.

ಮೊದಲು ದುಡ್ಡಿನ ವಿಷಯ ಹೇಳಿಬಿಡುತ್ತೇನೆ. ಇದೇ ಗುಂಪಿನ ಇನ್ನೊಂದು ಔಷಧಿ ಟಿರ್ಜೆಪಟೈಡ್, ಅದರ ಬ್ರ್ಯಾಂಡ್ ಮೌಂಜಾರೊ 2025ರ ಮಾರ್ಚ್‌ನಲ್ಲಿ ನಮ್ಮ ದೇಶಕ್ಕೆ ಬಂದಾಗ ಮೊದಲ ಡೋಸ್‌ನ ಒಂದು ವೈಲ್‌ಗೆ (ಚಿಕ್ಕ ಬಾಟಲಿಗೆ) 3,500 ರೂಪಾಯಿ, ಅದರ ಮೇಲಿನ ಡೋಸ್‌ಗೆ 4,375. ವಾರಕ್ಕೊಂದು ಬೇಕು. ತಿಂಗಳಿಗೆ 14,000ದಿಂದ 17,500. ಆಮೇಲೆ ಜೂನ್‌ನಲ್ಲಿ ಸೆಮಾಗ್ಲುಟೈಡ್‌ನ ಬ್ರ್ಯಾಂಡ್ ವೆಗೋವಿ ಬಂತು, ಶುರುವಿನ ಡೋಸ್‌ಗೇ ತಿಂಗಳಿಗೆ 17,345. ನವೆಂಬರ್‌ನಲ್ಲಿ ಅದನ್ನು 10,850ಕ್ಕೆ ಇಳಿಸಿದರು. ಡಿಸೆಂಬರ್‌ನಲ್ಲಿ ಸೆಮಾಗ್ಲುಟೈಡ್‌ನದ್ದೇ ಇನ್ನೊಂದು ಬ್ರ್ಯಾಂಡ್ ಓಜೆಂಪಿಕ್ ಬಂತು, ಶುರುವಿನ ಡೋಸ್ ವಾರಕ್ಕೆ 2,200. ಮಧ್ಯದಲ್ಲಿ ಔಷಧಿಗಳ ಮೇಲಿನ ಜಿಎಸ್‌ಟಿಯನ್ನೂ ಶೇ 12ರಿಂದ 5ಕ್ಕೆ ತಂದರು. ಇಳಿಯುತ್ತಿದೆ, ಇಲ್ಲ ಅನ್ನುವುದಿಲ್ಲ. ಆದರೆ ಒಂದು ಲೆಕ್ಕ ನೋಡಿ. ಗೃಹಲಕ್ಷ್ಮಿಯಲ್ಲಿ ಮನೆ ಯಜಮಾನಿಗೆ ತಿಂಗಳಿಗೆ ಬರುವುದು 2,000. ಈ ಮೂರರಲ್ಲಿ ಕಡಿಮೆ ಬೆಲೆಯ ಓಜೆಂಪಿಕ್‌ನ ಒಂದು ವಾರದ ಡೋಸ್‌ಗೂ ಆಗ ಅದು ಸಾಲುತ್ತಿರಲಿಲ್ಲ. ಡೋಸ್ ಹೋಗ್ತಾ ಹೋಗ್ತಾ ಏರಿಸಬೇಕು, ಏರಿಸಿದ ಹಾಗೆ ಬೆಲೆಯೂ ಏರುತ್ತದೆ. ಮೌಂಜಾರೊ ಪೆನ್ನಿನ (ಚುಚ್ಚಿಕೊಳ್ಳಲು ತಯಾರಾಗಿಯೇ ಬರುವ ಇಂಜೆಕ್ಷನ್) ದೊಡ್ಡ ಡೋಸ್‌ಗಳಿಗೆ ತಿಂಗಳಿಗೆ 27,500 ಅಂತ ಬೆಲೆ ಇಟ್ಟಿದ್ದರು. ಅದು ಎಷ್ಟೋ ಮನೆಗಳ ಪೂರ್ತಿ ತಿಂಗಳ ಸಂಪಾದನೆಗಿಂತ ಜಾಸ್ತಿ.

ನಾನು ಕೆಲವು ತಿಂಗಳು ಮೌಂಜಾರೊ ತಗೊಂಡೆ. ಇದ್ದ ಚೀಟಿ ದುಡ್ಡು ಎತ್ತಿ, ನಮ್ಮೆಜಮಾನರು ತೆಂಗಿನಕಾಯಿ ಮಾರಿದ ದುಡ್ಡಿನಲ್ಲಿ ಒಂದಷ್ಟು ಸೇರಿಸಿ. ಮೊದಲ ಎರಡು ಮೂರು ವಾರ ವಾಕರಿಕೆ, ಅನ್ನ ನೋಡಿದರೆ ಬೇಡ ಅನಿಸುವುದು. ಆಮೇಲೆ ಸರಿಹೋಯಿತು. ಶುಗರ್ ಇಳಿಯಿತು, ತೂಕ ಇಳಿಯಿತು, ಕ್ಲಾಸ್‌ನಲ್ಲಿ ಪೂರ್ತಿ ಪೀರಿಯಡ್ ನಿಂತು ಪಾಠ ಮಾಡಿದೆ. ಬೋರ್ಡ್‌ನ ಕೆಳಗಡೆ ಬರೆಯಲು ಬಗ್ಗುವುದಕ್ಕೆ ಮಕ್ಕಳನ್ನು ಕರೆಯುತ್ತಿದ್ದವಳು ನಾನೇ ಬಗ್ಗಿ ಬರೆದೆ. ಡೋಸ್ ಏರಿಸುವ ಹೊತ್ತಿಗೆ ದುಡ್ಡು ಮುಗಿಯಿತು, ನಿಲ್ಲಿಸಿದೆ. ಹಸಿವು ವಾಪಸ್ ಬಂತು, ತೂಕವೂ ಬರುತ್ತಿದೆ. ಇದು ನನ್ನ ನಾಲಿಗೆ ಚಪಲ ಅಂತ ಯಾರಾದರೂ ಹೇಳುವ ಮುಂಚೆ ಹೇಳಿಬಿಡುತ್ತೇನೆ, ಇದೇ ಗುಂಪಿನ ಸೆಮಾಗ್ಲುಟೈಡ್ ನಿಲ್ಲಿಸಿದವರನ್ನು ಒಂದು ವರ್ಷ ಗಮನಿಸಿದ ಅಧ್ಯಯನದಲ್ಲಿ, ಇಳಿದಿದ್ದ ತೂಕದ ಮೂರರಲ್ಲಿ ಎರಡು ಭಾಗ ವಾಪಸ್ ಬಂದಿತ್ತು. ಬಿಪಿ ಮಾತ್ರೆ ನಿಲ್ಲಿಸಿದರೆ ಬಿಪಿ ಏರುತ್ತದೆ ಅಲ್ವಾ? ಇದೂ ಹಾಗೇ. ಬಿಪಿ ಏರಿದವರಿಗೆ ಯಾರೂ ಬೈಯುವುದಿಲ್ಲ, ದಪ್ಪ ಇರುವವರಿಗೆ ಮಾತ್ರ ಬೈಗುಳ.

ಬೈಗುಳದ ಮಾತು ಬಂತು, ಅದನ್ನೂ ಹೇಳಿಯೇ ಮುಂದೆ ಹೋಗುತ್ತೇನೆ. 2025ರ ಫೆಬ್ರುವರಿಯ ಮನ್ ಕಿ ಬಾತ್‌ನಲ್ಲಿ ಪ್ರಧಾನಿಯವರು ಅಡುಗೆ ಎಣ್ಣೆಯನ್ನು ಶೇ 10ರಷ್ಟು ಕಡಿಮೆ ಮಾಡಿ ಅಂದರು. ಒಳ್ಳೆಯ ಮಾತು, ನಮ್ಮ ಮನೆಯಲ್ಲಿ ಅದಕ್ಕೂ ಮುಂಚೆಯೇ ಕಡಿಮೆ ಮಾಡಿದ್ದೆವು. ಮುದ್ದೆ, ಸೊಪ್ಪಿನ ಸಾರು, ಬೆಳಗ್ಗೆ ಬೇಗ ಎದ್ದು ವಾಕಿಂಗ್, ಯಾವುದೂ ಬಿಟ್ಟಿಲ್ಲ. ಕೆಲವರಿಗೆ ಅಷ್ಟರಲ್ಲೇ ಇಳಿಯುತ್ತದೆ, ಕೆಲವರಿಗೆ ಇಳಿಯುವುದಿಲ್ಲ. ಬೊಜ್ಜು ಒಂದು ದೀರ್ಘಕಾಲದ ಕಾಯಿಲೆ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅದೇ ಸಂಸ್ಥೆ 2025ರ ಸೆಪ್ಟೆಂಬರ್‌ನಲ್ಲಿ, ಶುಗರ್ ಮತ್ತು ಬೊಜ್ಜಿನ ಜೊತೆಗೆ ಹೃದಯ ಅಥವಾ ಕಿಡ್ನಿ ತೊಂದರೆಯೂ ಇರುವವರಿಗಾಗಿ ಈ ಗುಂಪಿನ ಔಷಧಿಗಳನ್ನು ಅಗತ್ಯ ಔಷಧಿಗಳ ಪಟ್ಟಿಗೆ ಸೇರಿಸಿತು. ಡಿಸೆಂಬರ್‌ನಲ್ಲಿ ಬೊಜ್ಜಿನ ಚಿಕಿತ್ಸೆಗೆ ಇವನ್ನು ಬಳಸುವ ಬಗ್ಗೆ ಮಾರ್ಗಸೂಚಿಯನ್ನೇ ಹೊರಡಿಸಿತು. ಶೋಕಿಗೆ ಅಂತ ಯಾರೂ ಅಗತ್ಯ ಔಷಧಿ ಪಟ್ಟಿ ಮಾಡುವುದಿಲ್ಲ.

ಈಗ ನನ್ನ ಮುಖ್ಯ ಮಾತು. ದುಡ್ಡು ಇದ್ದ ತಿಂಗಳಲ್ಲೂ ನನಗೆ ಔಷಧಿ ಸುಲಭವಾಗಿ ಸಿಗಲಿಲ್ಲ.

ಈ ಇಂಜೆಕ್ಷನ್ ಬರೆಯಬೇಕಾದವರು ಎಂಡೊಕ್ರೈನಾಲಜಿಸ್ಟ್ (ಹಾರ್ಮೋನ್, ಶುಗರ್ ಕಾಯಿಲೆಗಳ ಸ್ಪೆಷಲಿಸ್ಟ್) ಅಥವಾ ಜನರಲ್ ಮೆಡಿಸಿನ್ ಸ್ಪೆಷಲಿಸ್ಟ್. ನಾನು ಮೊದಲು ನಮ್ಮ ಕಡೆಯೇ ವಿಚಾರಿಸಿದೆ. ಒಬ್ಬ ಡಾಕ್ಟರ್ ಒಳ್ಳೆಯ ಮನುಷ್ಯರು, ನೇರವಾಗಿ ಹೇಳಿದರು, ನಾನು ಇದನ್ನು ಇನ್ನೂ ಯಾರಿಗೂ ಕೊಟ್ಟಿಲ್ಲ, ಬೆಂಗಳೂರಿನಲ್ಲಿ ತೋರಿಸಿ ಅಂತ. ಸರಿ, ಬೆಂಗಳೂರು. ಹಿರಿಯೂರಿನಿಂದ 160 ಕಿಲೋಮೀಟರ್. ಶಕ್ತಿ ಯೋಜನೆಯಿಂದ ಬಸ್ ಚಾರ್ಜ್ ಇಲ್ಲ, ಅದಕ್ಕೆ ನಾನು ನಿಜವಾಗಿಯೂ ಕೃತಜ್ಞಳು, ಆದರೆ ಒಂದು ದಿನದ ರಜೆ ಮತ್ತು ಸಂಬಳ ಹೋಗುತ್ತದೆ, ಡಾಕ್ಟರ್ ಫೀಸು, ರಕ್ತ ಪರೀಕ್ಷೆ ಬೇರೆ. ಡೋಸ್ ಏರಿಸುವ ಮುಂಚೆ ಡಾಕ್ಟರ್ ನೋಡಬೇಕು, ಅದು ಆಗಲೇಬೇಕು. ಮೇದೋಜ್ಜೀರಕ ಗ್ರಂಥಿ ಊತ, ಪಿತ್ತಕೋಶದ ಕಲ್ಲು ಇಂಥ ಅಪಾಯಗಳಿವೆ, ಮನೆಯಲ್ಲಿ ಯಾರಿಗಾದರೂ ಥೈರಾಯ್ಡ್‌ನ ಒಂದು ಬಗೆಯ ಕ್ಯಾನ್ಸರ್ ಬಂದಿದ್ದರೆ ಇದನ್ನು ಕೊಡುವಂತೆಯೇ ಇಲ್ಲ. ಅಂಥದ್ದನ್ನು ಫೋನ್‌ನಲ್ಲಿ ಎರಡು ನಿಮಿಷ ಮಾತಾಡಿ ಮುಗಿಸುವ ಹಾಗಿಲ್ಲ.

ಡಾಕ್ಟರ್ ಬರೆದ ಔಷಧಿ ಚೀಟಿ ಸಿಕ್ಕಿತು. ಔಷಧಿ? ನಮ್ಮ ಊರಿನ ಮೆಡಿಕಲ್ ಸ್ಟೋರ್‌ಗಳಲ್ಲಿ ಸ್ಟಾಕ್ ಇಡುವುದಿಲ್ಲ. ಅವರನ್ನು ದೂರುವುದೂ ಕಷ್ಟ, ಅಷ್ಟು ದುಡ್ಡು ಹಾಕಿ ತಂದಿಟ್ಟು ಯಾರೂ ಕೊಳ್ಳದಿದ್ದರೆ ಡೇಟ್ ಮುಗಿಯುತ್ತದೆ. ಅಡ್ವಾನ್ಸ್ ಕೊಟ್ಟರೆ ತರಿಸಿಕೊಡ್ತೀವಿ ಅಂದರು ಒಂದು ಅಂಗಡಿಯವರು. ಕೊಟ್ಟೆ. ಎರಡು ದಿನ ಬಿಟ್ಟು ಬಂದ ಡಬ್ಬಿಯನ್ನು ಕೈಗೆ ತಗೊಂಡೆ, ಬೆಚ್ಚಗಿತ್ತು. ಐಸ್ ಪ್ಯಾಕ್ ಕರಗಿ ಮೆತ್ತಗಾಗಿತ್ತು, ರಟ್ಟಿನ ಪೆಟ್ಟಿಗೆ ಒಳಗೆಲ್ಲ ಒದ್ದೆ. ಈ ಔಷಧಿಯನ್ನು 2ರಿಂದ 8 ಡಿಗ್ರಿಯಲ್ಲಿ ಇಡಬೇಕು. 30 ಡಿಗ್ರಿಯ ಒಳಗಿದ್ದರೆ ಮೌಂಜಾರೊ ಮೂರು ವಾರ ಹೊರಗೆ ಇರಬಹುದು ಅಂತ ಕಂಪನಿಯೇ ಹೇಳುತ್ತದೆ, ಆದರೆ ದಾರಿಯಲ್ಲಿ ಅದು ಎಷ್ಟು ಡಿಗ್ರಿಯಲ್ಲಿ, ಎಷ್ಟು ಹೊತ್ತು, ಯಾವ ಗೋಡೌನ್‌ನಲ್ಲಿ ಇತ್ತು ಅಂತ ಹೇಳುವವರು ಯಾರು? ಅಂಗಡಿಯವರು ಏನೂ ಆಗಲ್ಲ ಮೇಡಂ ಅಂದರು. ಸಾವಿರಾರು ರೂಪಾಯಿ ಕೊಟ್ಟು, ಕೆಲಸ ಮಾಡುತ್ತದೋ ಇಲ್ಲವೋ ಗೊತ್ತಿಲ್ಲದ ಔಷಧಿಯನ್ನು ಹೊಟ್ಟೆಗೆ ಚುಚ್ಚಿಕೊಳ್ಳುವುದು ಹೇಗೆ? ನಾನು ತಗೊಳ್ಳಲಿಲ್ಲ. ಅಡ್ವಾನ್ಸ್ ವಾಪಸ್ ಪಡೆಯುವುದಕ್ಕೆ ಬಹಳ ಓಡಾಡಬೇಕಾಯಿತು.

ಆಮೇಲೆ ನಾನೇ ಬೆಂಗಳೂರಿನಿಂದ ತರಲು ಶುರು ಮಾಡಿದೆ. ಥರ್ಮಾಕೋಲ್ ಡಬ್ಬಿ, ಎರಡು ಐಸ್ ಪ್ಯಾಕ್, ಮಧ್ಯದಲ್ಲಿ ಟವೆಲ್, ಯಾಕೆಂದರೆ ವೈಲ್ ಐಸ್‌ಗೆ ತಾಗಿ ಹೆಪ್ಪುಗಟ್ಟಿದರೆ ಬಿಸಾಡಬೇಕು. ಬಸ್ಸಿನಲ್ಲಿ ಡಬ್ಬಿಯನ್ನು ತೊಡೆಯ ಮೇಲೆ ಇಟ್ಟುಕೊಂಡೇ ಕೂರಬೇಕು. ಮನೆಗೆ ಬಂದರೆ ಕರೆಂಟ್ ಇರುವುದಿಲ್ಲ. ವೈಲ್ ಆದ್ದರಿಂದ ಸಿರಿಂಜ್‌ನಲ್ಲಿ ಎಳೆದುಕೊಳ್ಳಬೇಕು, ಗಾಳಿ ಗುಳ್ಳೆ ನೋಡಬೇಕು. ನಾನು ಓದಿದವಳು, ಮೊದಲ ಸಲ ನನಗೇ ಕೈ ನಡುಗಿತು. ನಮ್ಮ ಪಕ್ಕದ ಮನೆಯ ಅಜ್ಜಿಗೂ ನನ್ನಷ್ಟೇ ತೂಕ, ನನಗಿಂತ ಜಾಸ್ತಿ ಶುಗರ್, ಅವರಿಂದ ಇದು ಆಗುತ್ತದೆಯೇ?

ಬೆಲೆ 1,500ಕ್ಕೆ ಇಳಿದರೂ ಈ ಡಾಕ್ಟರ್, ಈ ದಾರಿ, ಈ ಐಸ್ ಪ್ಯಾಕ್ ಹಾಗೇ ಇರುತ್ತವೆ. ಇದನ್ನು ಕಂಪನಿಗಳು ಸರಿ ಮಾಡುವುದಿಲ್ಲ. ಸರ್ಕಾರವೇ ಮಾಡಬೇಕು.

ಬೆಲೆ ಇಳಿಯುವ ಬಗ್ಗೆ ನನಗೆ ಅನುಮಾನ ಇಲ್ಲ. ಶುಗರ್‌ಗೆ ನಾನು ತಗೊಳ್ಳುವ ಎಂಪಾಗ್ಲಿಫ್ಲೋಜಿನ್ ಮಾತ್ರೆ ಒಂದಕ್ಕೆ 60 ರೂಪಾಯಿ ಹತ್ತಿರ ಇತ್ತು. 2025ರ ಮಾರ್ಚ್‌ನಲ್ಲಿ ಅದರ ಪೇಟೆಂಟ್ ಮುಗಿದ ಕೂಡಲೇ ಹಲವು ಕಂಪನಿಗಳು ಮಾಡಿದವು, ಕೆಲವು ಬ್ರ್ಯಾಂಡ್ ಹತ್ತು ರೂಪಾಯಿಗಿಂತ ಕಡಿಮೆಗೆ ಬಂದವು. ಸೆಮಾಗ್ಲುಟೈಡ್‌ನಲ್ಲೂ ಹಾಗೇ ಪೈಪೋಟಿ ನಡೆಯುತ್ತದೆ. ನಮ್ಮ ಬೆಂಗಳೂರಿನ ಬಯೋಕಾನ್ ಕಂಪನಿಯೇ ಇದೇ ಗುಂಪಿನ ಲಿರಾಗ್ಲುಟೈಡ್‌ನ ಜೆನೆರಿಕ್‌ಗೆ (ಪೇಟೆಂಟ್ ಮುಗಿದ ಮೇಲೆ ಬೇರೆ ಕಂಪನಿ ಮಾಡುವ ಅದೇ ಔಷಧಿಗೆ) 2024ರಲ್ಲಿ ಬ್ರಿಟನ್‌ನಲ್ಲಿ ಅನುಮತಿ ಪಡೆದಿದೆ. ನಮ್ಮ ರಾಜ್ಯದಲ್ಲಿ ತಯಾರಿಸುವ ಕೈ ಇದೆ ಅಂತಾಯಿತು. ತಲುಪಿಸುವ ಕೈ ಎಲ್ಲಿ?

ಇನ್ಶೂರೆನ್ಸ್ ಇದೆಯಲ್ಲ ಅಂತ ಕೆಲವರು ಕೇಳಿದರು. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಕಾರ್ಡ್‌ನಲ್ಲಿ ಬಿಪಿಎಲ್ ಮನೆಗೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಇದೆ, ಆದರೆ ಅದು ಆಸ್ಪತ್ರೆಗೆ ಅಡ್ಮಿಟ್ ಆದರೆ. ಮನೆಯಲ್ಲಿ ವಾರಕ್ಕೊಮ್ಮೆ ಚುಚ್ಚಿಕೊಳ್ಳುವ ಔಷಧಿಗೆ ಇಲ್ಲ. ಖಾಸಗಿ ಪಾಲಿಸಿ ತೆಗೆದು ನೋಡಿ, ಬೊಜ್ಜಿನ ಚಿಕಿತ್ಸೆ ಇಲ್ಲ ಅಂತ ಬರೆದೇ ಇರುತ್ತದೆ. ಬಾಡಿ ಮಾಸ್ ಇಂಡೆಕ್ಸ್ 40 ದಾಟಿದರೆ, ಅಥವಾ 35 ದಾಟಿ ಜೊತೆಗೆ ದೊಡ್ಡ ಕಾಯಿಲೆ ಇದ್ದರೆ, ಬೇರೆ ಚಿಕಿತ್ಸೆ ಯಾವುದೂ ಫಲ ಕೊಡದಿದ್ದರೆ ಆಪರೇಷನ್‌ಗೆ ಮಾತ್ರ ಕೊಡುತ್ತಾರೆ. ಹೊಟ್ಟೆ ಕೊಯ್ಯುವವರೆಗೆ ಕಾಯಿರಿ, ಅಲ್ಲಿಯವರೆಗೆ ನಾವು ಒಂದು ರೂಪಾಯಿ ಕೊಡುವುದಿಲ್ಲ ಅನ್ನುವ ಹಾಗಿದೆ ಇದು. ನನಗೆ ಫೋನ್‌ನಲ್ಲಿ ಉತ್ತರ ಕೊಟ್ಟ ಹುಡುಗ ಪಾಪ, ಮೇಡಂ ಕಾಸ್ಮೆಟಿಕ್‌ಗೆ ಕವರ್ ಇಲ್ಲ ಅಂದ. ನನ್ನ ಶುಗರ್ ರಿಪೋರ್ಟ್ ಅವನ ಕಂಪ್ಯೂಟರ್‌ನಲ್ಲೇ ಇತ್ತು.

ಸರ್ಕಾರದಿಂದ ಇಷ್ಟು ದುಬಾರಿ ಇಂಜೆಕ್ಷನ್ ಕೊಡಲು ಆಗುವುದಿಲ್ಲ ಅನ್ನುವವರಿಗೆ ಒಂದು ಉದಾಹರಣೆ ನಮ್ಮ ರಾಜ್ಯದಲ್ಲೇ ಇದೆ. ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆ. ಹೃದಯಾಘಾತ ಆದವರಿಗೆ ರಕ್ತ ಹೆಪ್ಪು ಕರಗಿಸುವ ಟೆನೆಕ್ಟಿಪ್ಲೇಸ್ ಇಂಜೆಕ್ಷನ್ ಖಾಸಗಿಯಲ್ಲಿ ಹತ್ತಾರು ಸಾವಿರ ರೂಪಾಯಿ. ಅದನ್ನು ತಾಲೂಕು ಆಸ್ಪತ್ರೆಗಳಲ್ಲಿ ಉಚಿತವಾಗಿ ಕೊಡುತ್ತಿದ್ದಾರೆ. ಇಸಿಜಿಯನ್ನು ಜಯದೇವದಂಥ ದೊಡ್ಡ ಆಸ್ಪತ್ರೆಗೆ ಕಳಿಸುತ್ತಾರೆ, ಅಲ್ಲಿನ ಸ್ಪೆಷಲಿಸ್ಟ್ ನೋಡಿ ಹೇಳುತ್ತಾರೆ, ಇಲ್ಲಿನ ಡಾಕ್ಟರ್ ಇಂಜೆಕ್ಷನ್ ಕೊಡುತ್ತಾರೆ. ಸ್ಪೆಷಲಿಸ್ಟ್ ಇಲ್ಲದ ಊರಿಗೂ ಸ್ಪೆಷಲಿಸ್ಟ್ ಔಷಧಿ ಹೋಗುತ್ತದೆ ಅಂತ ತೋರಿಸಿದ ಯೋಜನೆ ಅದು. ನನಗೆ ಅದರ ಬಗ್ಗೆ ಹೆಮ್ಮೆ ಇದೆ. 2025ರಲ್ಲಿ ಹಾಸನದ ಹೃದಯಾಘಾತದ ಸಾವುಗಳ ಸುದ್ದಿ ಬಂದಾಗ ಜನ ಗಾಬರಿಯಿಂದ ಬೆಂಗಳೂರು, ಮೈಸೂರಿನ ಜಯದೇವ ಆಸ್ಪತ್ರೆಗಳ ಮುಂದೆ ಸಾಲು ನಿಂತಿದ್ದು ನಾವೆಲ್ಲ ನೋಡಿದ್ದೇವೆ. ಹೃದಯಕ್ಕೆ ತೊಂದರೆ ತರುವುದರಲ್ಲಿ ಬೊಜ್ಜು ಮತ್ತು ಶುಗರ್ ದೊಡ್ಡ ಕಾರಣಗಳು. ಹೃದಯ ಕಾಯಿಲೆ ಇದ್ದು ತೂಕ ಜಾಸ್ತಿ ಇದ್ದವರಿಗೆ ಸೆಮಾಗ್ಲುಟೈಡ್ ಕೊಟ್ಟು ನೋಡಿದ ದೊಡ್ಡ ಅಧ್ಯಯನದಲ್ಲಿ ಹೃದಯಾಘಾತ, ಪಾರ್ಶ್ವವಾಯುವಿನಂಥವು ಶೇ 20ರಷ್ಟು ಕಡಿಮೆಯಾದವು. ಹೃದಯಾಘಾತ ಆದ ಮೇಲೆ ದುಬಾರಿ ಇಂಜೆಕ್ಷನ್ ಕೊಡುವ ಸರ್ಕಾರ, ಆಗದ ಹಾಗೆ ತಡೆಯುವ ಇಂಜೆಕ್ಷನ್ ಕೊಡುವುದನ್ನೂ ಯೋಚಿಸಬೇಕು.

ಹಾಗಂತ ಎಲ್ಲರಿಗೂ ಹಂಚಿ ಅಂತ ನಾನು ಹೇಳುತ್ತಿಲ್ಲ. ಅಷ್ಟು ದುಡ್ಡು ಯಾವ ಸರ್ಕಾರದ ಹತ್ತಿರವೂ ಇಲ್ಲ, ಹಂಚುವುದು ಸರಿಯೂ ಅಲ್ಲ. ಶುಗರ್ ಇದ್ದು ತೂಕ ತುಂಬಾ ಜಾಸ್ತಿ ಇರುವವರು, ಹೃದಯ ಅಥವಾ ಕಿಡ್ನಿ ಕಾಯಿಲೆ ಇರುವವರು, ಬಿಪಿಎಲ್ ಕಾರ್ಡ್ ಇರುವವರು, ಇವರಿಂದ ಶುರುವಾಗಲಿ. ಪ್ರತಿ ಜಿಲ್ಲಾ ಆಸ್ಪತ್ರೆಯಲ್ಲಿ ಎನ್‌ಸಿಡಿ ಕ್ಲಿನಿಕ್ ಇದೆ, ಬಿಪಿ ಶುಗರ್‌ನವರು ಹೋಗುವ ಜಾಗ. ಮನೆ ಬಾಗಿಲಿಗೆ ಬಂದು ಬಿಪಿ ಶುಗರ್ ನೋಡುವ ಗೃಹ ಆರೋಗ್ಯ ಯೋಜನೆ 2024ರಲ್ಲಿ ಕೋಲಾರದಿಂದ ಶುರುವಾಯಿತು. ಅಂದರೆ ಯಾರಿಗೆ ಬೇಕು ಅಂತ ಹುಡುಕುವ ಕೆಲಸ ಆಗುತ್ತಿದೆ. ಬೆಂಗಳೂರಿನಲ್ಲಿ ಸರ್ಕಾರದ್ದೇ ಎಂಡೊಕ್ರೈನಾಲಜಿ ಸಂಸ್ಥೆ ಇದೆ, ಅಲ್ಲಿನ ಡಾಕ್ಟರ್‌ಗಳು ವಾರದಲ್ಲಿ ಒಂದು ದಿನ ವಿಡಿಯೋ ಕಾಲ್‌ನಲ್ಲಿ ಜಿಲ್ಲಾ ಆಸ್ಪತ್ರೆಯ ಫಿಸಿಶಿಯನ್ ಜೊತೆ ಕೂತರೆ ನಾವು ಬಸ್ ಹತ್ತುವುದು ತಪ್ಪುತ್ತದೆ. ತಣ್ಣಗೆ ಇಡುವ ವ್ಯವಸ್ಥೆಯೂ ಹೊಸದಲ್ಲ. ಮಕ್ಕಳ ಲಸಿಕೆಯನ್ನು ಹಳ್ಳಿ ಹಳ್ಳಿಗೆ ಕೆಡದ ಹಾಗೆ ತಲುಪಿಸುವುದು ಆರೋಗ್ಯ ಇಲಾಖೆಯವರಿಗೆ ಗೊತ್ತು. ಲಸಿಕೆಯ ಫ್ರಿಜ್‌ನಲ್ಲೇ ಇದನ್ನೂ ತುಂಬಿ ಅಂತ ನಾನು ಹೇಳುತ್ತಿಲ್ಲ, ಆ ಕೆಲಸ ಬಲ್ಲ ಜನ ಇದ್ದಾರೆ ಅಂತ ಅಷ್ಟೇ.

ಖರೀದಿ ಮಾಡುವಾಗ ಗುಣಮಟ್ಟದ ಬಗ್ಗೆ ಮಾತ್ರ ಸಡಿಲ ಬಿಡಬಾರದು. 2024ರ ನವೆಂಬರ್‌ನಲ್ಲಿ ಬಳ್ಳಾರಿಯಲ್ಲಿ ಬಾಣಂತಿಯರು ತೀರಿಕೊಂಡಾಗ ಅನುಮಾನ ಬಂದಿದ್ದು ಸರ್ಕಾರ ಕೊಂಡಿದ್ದ ಐವಿ ದ್ರಾವಣದ ಮೇಲೆಯೇ. ಅದನ್ನು ಈ ರಾಜ್ಯದ ಯಾವ ಹೆಣ್ಣುಮಗಳೂ ಮರೆತಿಲ್ಲ. ಕಡಿಮೆ ಟೆಂಡರ್ ಅಂತ ಯಾರದ್ದೋ ಔಷಧಿ ತಂದು ಚುಚ್ಚಿದರೆ ಜನ ಇಂಜೆಕ್ಷನ್ ಹೆಸರು ಕೇಳಿದರೇ ಓಡುತ್ತಾರೆ. ಪ್ರತಿ ಬ್ಯಾಚ್ ಪರೀಕ್ಷೆ ಮಾಡಿ, ರಿಪೋರ್ಟ್ ಆಸ್ಪತ್ರೆಯ ಗೋಡೆ ಮೇಲೆ ಹಾಕಲಿ.

ಇನ್ನೊಂದು ಕಡೆ ನೋಡಿದರೆ, ಬೇಕಾದವರಿಗೆ ಇಷ್ಟು ಕಷ್ಟ, ಬೇಡದವರಿಗೆ ಅಷ್ಟೇ ಸಲೀಸು. ನನಗೆ ಗೊತ್ತಿರುವ ಒಂದು ಹುಡುಗಿ, ಎಂಗೇಜ್‌ಮೆಂಟ್‌ಗೆ ಮುಂಚೆ ನಾಲ್ಕೈದು ಕೆಜಿ ಇಳಿಸಬೇಕು ಅಂತ ಒಂದು ಸ್ಲಿಮ್ಮಿಂಗ್ ಸೆಂಟರ್‌ಗೆ ಹೋದಳು. ರಕ್ತ ಪರೀಕ್ಷೆ ಇಲ್ಲ, ಡಾಕ್ಟರ್ ಇಲ್ಲ, ಪೆನ್ ಕೈಗೆ ಕೊಟ್ಟು ಕಳಿಸಿದರು. ವಾಂತಿ ಆಗಿ ಆಗಿ ಡ್ರಿಪ್ ಹಾಕಿಸಿಕೊಂಡು ಮಲಗಿದಳು. ಅವಳಿಗೆ ಬೊಜ್ಜೇ ಇರಲಿಲ್ಲ. ಪೇಟೆಂಟ್ ಮುಗಿದು ಬೆಲೆ ಇಳಿದರೆ ಇಂಥದ್ದು ಇನ್ನೂ ಜಾಸ್ತಿ ಆಗುತ್ತದೆ, ಅದು ನನಗೆ ನಿಜವಾದ ಭಯ. ಬೊಜ್ಜು ಕರಗಿಸುತ್ತೇವೆ ಅಂತ ಔಷಧಿಯ ಜಾಹೀರಾತು ಹಾಕುವುದನ್ನು 1954ರ ಡ್ರಗ್ಸ್ ಅಂಡ್ ಮ್ಯಾಜಿಕ್ ರೆಮಿಡೀಸ್ ಕಾಯ್ದೆಯೇ ತಡೆಯುತ್ತದೆ, ಅದರ ಪಟ್ಟಿಯಲ್ಲಿ ಬೊಜ್ಜಿನ ಹೆಸರೂ ಇದೆ. ಡಾಕ್ಟರ್ ಚೀಟಿ ಇಲ್ಲದೆ ಈ ಔಷಧಿ ಮಾರುವ ಹಾಗೂ ಇಲ್ಲ. ಕಾನೂನು ಇದ್ದೂ ಯಾರೂ ಕೇಳುತ್ತಿಲ್ಲ. ಔಷಧ ಆಡಳಿತ ಇಲಾಖೆಯ ಇನ್‌ಸ್ಪೆಕ್ಟರ್‌ಗಳು ಸ್ಲಿಮ್ಮಿಂಗ್ ಸೆಂಟರ್, ಜಿಮ್, ಪಾರ್ಲರ್‌ಗಳ ಫ್ರಿಜ್ ಒಮ್ಮೆ ತೆಗೆದು ನೋಡಲಿ.

ಆಸ್ಪತ್ರೆಯಲ್ಲಿ ಇಂಜೆಕ್ಷನ್ ಕೊಟ್ಟರೆ ಜೊತೆಗೆ ಊಟದ ಮಾತೂ ಹೇಳಬೇಕು. ಹಸಿವು ಕಡಿಮೆ ಆದಾಗ ನಾವು ಎರಡು ತುತ್ತು ಅನ್ನ ಸಾರು ತಿಂದು ಏಳುತ್ತೇವೆ, ಕೊಬ್ಬಿನ ಜೊತೆ ಮಾಂಸಖಂಡವೂ ಕರಗುತ್ತದೆ, ಕೈಕಾಲಿನಲ್ಲಿ ಶಕ್ತಿ ಇರುವುದಿಲ್ಲ. ನನಗೆ ಬೆಂಗಳೂರಿನ ಡಾಕ್ಟರ್ ಮೊಟ್ಟೆ, ಹೆಸರುಕಾಳು, ಹುರುಳಿ, ಮೊಸರು ಮೊದಲು ತಿನ್ನಿ, ಮುದ್ದೆ ಆಮೇಲೆ ಅಂದಿದ್ದರು. ಅದನ್ನು ಕನ್ನಡದಲ್ಲಿ ಒಂದು ಹಾಳೆಯಲ್ಲಿ ಅಚ್ಚು ಹಾಕಿ ಕೊಟ್ಟರೂ ಸಾಕು.

ರಾಜ್ಯದ ಆರೋಗ್ಯ ಸಚಿವರಲ್ಲಿ ನನ್ನ ಕೇಳಿಕೆ ಇಷ್ಟೇ. ಜೆನೆರಿಕ್ ಸೆಮಾಗ್ಲುಟೈಡ್ ಅನ್ನು ರಾಜ್ಯದ ಅಗತ್ಯ ಔಷಧಿ ಪಟ್ಟಿಗೆ ಸೇರಿಸುವ ಬಗ್ಗೆ ತಜ್ಞರ ಒಂದು ಸಮಿತಿ ಈಗಲೇ ಕೂರಲಿ. ಕರ್ನಾಟಕ ರಾಜ್ಯ ವೈದ್ಯಕೀಯ ಸರಬರಾಜು ನಿಗಮ ಇಡೀ ರಾಜ್ಯಕ್ಕೆ ಒಟ್ಟಿಗೆ ಕೊಂಡರೆ, ಅಂಗಡಿಯಲ್ಲಿ ಒಬ್ಬೊಬ್ಬರೇ ಕೊಳ್ಳುವ ಬೆಲೆಗಿಂತ ಬಹಳ ಕಡಿಮೆಗೆ ಸಿಗುತ್ತದೆ. ಮೊದಲು ನಾಲ್ಕೈದು ಜಿಲ್ಲೆಗಳಲ್ಲಿ ಮಾಡಿ ನೋಡಲಿ. ಕಲಬುರಗಿ, ರಾಯಚೂರಿನಂಥ ಬಿಸಿಲಿನ ಜಿಲ್ಲೆ ಒಂದಾದರೂ ಅದರಲ್ಲಿ ಇರಲಿ, ಯಾಕೆಂದರೆ ಅಲ್ಲಿ ತಣ್ಣಗೆ ತಲುಪಿಸಲು ಆದರೆ ಎಲ್ಲಿ ಬೇಕಾದರೂ ಆಗುತ್ತದೆ. ಪೂರ್ತಿ ಉಚಿತ ಆಗದಿದ್ದರೆ ಎಪಿಎಲ್‌ನವರಿಂದ ಅರ್ಧ ದುಡ್ಡು ತಗೊಳ್ಳಲಿ, ನಾನು ಕೊಡಲು ತಯಾರಿದ್ದೇನೆ. ಚಿತ್ರದುರ್ಗ ನಮಗೆ 40 ಕಿಲೋಮೀಟರ್. ಅಲ್ಲಿನ ಜಿಲ್ಲಾ ಆಸ್ಪತ್ರೆಯಲ್ಲಿ ಈ ಔಷಧಿ ಸಿಗುತ್ತದೆ ಅಂದರೆ ಶಾಲೆ ಮುಗಿಸಿಕೊಂಡು ಶನಿವಾರ ಮಧ್ಯಾಹ್ನ ಹೋಗಿ ಸಂಜೆ ವಾಪಸ್ ಬರಬಹುದು.

ಒಬ್ಬ ಶಿಕ್ಷಕಿ,
ಹಿರಿಯೂರು, ಚಿತ್ರದುರ್ಗ ಜಿಲ್ಲೆ